ಕೆಳಗಿನ ಸಾಲಿನ ಇಲಿಗಳು

ಮಾರ್ಚ್ ೩, ಸೋಮವಾರ

ಪ್ರಬಂಧ ಪತ್ರಿಕೆಯಿಂದ ವಾಪಸು ಬಂದಿದೆ. ಮೂವರು ಪರಿಶೀಲಕರಲ್ಲಿ ಇಬ್ಬರು ಒಪ್ಪಿದ್ದಾರೆ. ಮೂರನೆಯವರು ಯಾರೋ ಏನೋ, ಅವರ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬೀಳಲಿ. ‘ಔಷಧ ಕೊಟ್ಟ ಇಲಿಗಳು ಇಷ್ಟೊಂದು ಬದುಕಿರುವುದು ಆಶ್ಚರ್ಯ. ಹೆಚ್ಚು ಇಲಿಗಳಲ್ಲಿ ಮತ್ತೊಮ್ಮೆ ಮಾಡಿ ತೋರಿಸಿ. ಯಾವ ಇಲಿಗೆ ಏನು ಕೊಟ್ಟಿದೆ ಎಂಬುದು ಅವುಗಳ ಸ್ಥಿತಿಗೆ ಅಂಕ ಹಾಕುವವರಿಗೆ ತಿಳಿದಿರಬಾರದು.’

ತಿಳಿದಿರಲಿಲ್ಲ! ಪ್ರಬಂಧದಲ್ಲೇ ಬರೆದಿದ್ದೇನೆ. ಸಿರಿಂಜುಗಳನ್ನು ತುಂಬುವವಳು ಪ್ರಾಣಿಶಾಲೆಯ ಪಶುವೈದ್ಯೆ. ಯಾವುದರಲ್ಲಿ ನಮ್ಮ ಔಷಧ, ಯಾವುದರಲ್ಲಿ ಬರೀ ಉಪ್ಪುನೀರು ಎಂಬುದು ಅವಳೊಬ್ಬಳಿಗೇ ಗೊತ್ತು. ನನಗೆ ಸಿಗುವುದು ಸಂಖ್ಯೆ ಮಾತ್ರ. ಇನ್ನೇನು, ಕಣ್ಣು ಕಿತ್ತು ಲಕೋಟೆಯಲ್ಲಿಟ್ಟು ಕಳಿಸಲೇ?

ನಮ್ಮ ಮುಖ್ಯಸ್ಥರಿಗೆ ಇದೆಲ್ಲ ಬೇಕಿಲ್ಲ. ಯಾರ ಮನೆಯಲ್ಲಿ ಏನೇ ಆಗಲಿ, ‘ಗ್ರಾಫ್ ಎಲ್ಲಿ?’ ಎಂದೇ ಮಾತು ಶುರು ಮಾಡುವುದರಿಂದ ಬೆನ್ನ ಹಿಂದೆ ಅವರ ಹೆಸರೂ ಗ್ರಾಫ್. “ಈ ತಿಂಗಳಲ್ಲೇ ಮಾಡ್ಬಿಡಿ ಮೇಡಮ್. ಅದೇ ಗ್ರಾಫ್, ಸ್ವಲ್ಪ ದಪ್ಪಗೆ” ಎಂದರು. ಇಲಿಗಳನ್ನು ಅಚ್ಚು ಹಾಕಿಸುತ್ತೇವೆ ಅಂದುಕೊಂಡಿದ್ದಾರೆ. ಇದು ಗಟ್ಟಿಯಾದರೆ ಮುಂದಿನದು ಮನುಷ್ಯರ ಮೇಲಿನ ಪ್ರಯೋಗ. ನನ್ನ ಎಂಟು ವರ್ಷಗಳ ಕೆಲಸ ಈಗ ಒಬ್ಬ ಅನಾಮಧೇಯರ ಅನುಮಾನದ ಮೇಲೆ ನಿಂತಿದೆ.

ಮನೆಗೆ ಬಂದರೆ ಅಮ್ಮ ಟಿವಿಯ ಸುದ್ದಿವಾಚಕನ ಜೊತೆ ಜಗಳವಾಡುತ್ತಿದ್ದಳು. ಮುದ್ರಣಾಲಯದಲ್ಲಿ ಕರಡು ತಿದ್ದಿಯೇ ನಿವೃತ್ತಳಾದವಳು. ಯಾರು ಮಾತಾಡಿದರೂ ಅವಳಿಗೆ ತಪ್ಪು ಸಿಗುತ್ತದೆ. “ಇವನಿಗೆ ಉಸಿರು ಎಲ್ಲಿ ತಗೋಬೇಕು ಅಂತಾನೇ ಗೊತ್ತಿಲ್ಲ. ಮಂತ್ರಿ ಸತ್ತ ಅಂತಾನೆ, ಆಮೇಲೆ ಉಸಿರೆಳೆದು ಯೋಧನ ಮನೆಗೆ ಹೋದರು ಅಂತಾನೆ. ಸತ್ತ ಮಂತ್ರಿ ಎಲ್ಲಾದ್ರೂ ಎದ್ದು ಹೋಗ್ತಾನೇನೇ?”

“ಅಮ್ಮ, ಅವನು ಹೇಳಿದ್ದು ಸತ್ತ ಯೋಧನ ಮನೆಗೆ ಅಂತ. ನೀನು ಸರಿಯಾಗಿ ಕೇಳಿಸ್ಕೊಂಡಿಲ್ಲ.”

“ಅವನು ಸರಿಯಾಗಿ ಹೇಳಿಲ್ಲ.”

ಮೂತ್ರದ ಸೋಂಕು ರಕ್ತಕ್ಕಿಳಿದು ಆಸ್ಪತ್ರೆ ಸೇರಿದ್ದಳು; ಮನೆಗೆ ಬಂದ ಮೇಲೆ ಇವಳ ನಾಲಿಗೆಯೊಂದಕ್ಕೆ ಮಾತ್ರ ಪೂರ್ತಿ ಗುಣವಾಗಿದೆ.

ಮಾರ್ಚ್ ೪, ಮಂಗಳವಾರ

ಮೊದಲ ತಂಡದ ಶಸ್ತ್ರಚಿಕಿತ್ಸೆ. ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಕರುಳಿನ ಒಂದು ಚೀಲಕ್ಕೆ ದಾರ ಬಿಗಿದು, ಸೂಜಿಯಿಂದ ಚುಚ್ಚಿ, ಮತ್ತೆ ಹೊಲಿಯುವುದು. ಕರುಳೊಳಗಿನ ಕ್ರಿಮಿಗಳು ಹೊಟ್ಟೆಗೆ ಸೋರಿ ರಕ್ತಕ್ಕಿಳಿಯುತ್ತವೆ. ದಾರ ಅಕ್ಕಿಕಾಳಿನಷ್ಟು ಆಚೀಚೆಯಾದರೂ ಇಲಿಯ ಹಣೆಬರಹ ಬೇರೆ. ನನ್ನ ಕೈ ಪಳಗಿದೆ. ಸೊಂಟ ಮಾತ್ರ ಪಳಗಿಲ್ಲ.

ನಮ್ಮ ಔಷಧ ಒಂದು ಬಗೆಯ ಕೊಬ್ಬು. ಅದಕ್ಕೆ ಬೆಳಕಾಗದು, ಗಾಳಿಯಾಗದು, ಬಿಸಿಯಾಗದು. ಹೊಸ ಬೀಗರಿಗಿಂತ ನಾಜೂಕು. ಅದನ್ನು ಸೀಸೆಯಿಂದ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಪಶುವೈದ್ಯೆ ಒಂದು ತಟ್ಟೆ ಸಿರಿಂಜು ತಂದಿಟ್ಟಳು, ಅದು ಮುಗಿದ ಮೇಲೆ ಇನ್ನೊಂದು ತಟ್ಟೆ. ಎರಡೂ ನೋಡಲು ಒಂದೇ, ಎರಡಕ್ಕೂ ಬೆಳ್ಳಿಹಾಳೆ ಸುತ್ತಿದೆ. ಮೊದಲು ಚುಚ್ಚಿಸಿಕೊಂಡವು ಕಪಾಟಿನ ಮೇಲಿನ ಸಾಲಿಗೆ, ಆಮೇಲಿನವು ಕೆಳಗಿನ ಸಾಲಿಗೆ. ಕೆಳಗಿನ ಸಾಲು ನೋಡಬೇಕಾದರೆ ನೆಲಕ್ಕೆ ಮಂಡಿಯೂರಬೇಕು. ಈ ಕಪಾಟು ಮಾಡಿದವನಿಗೆ ಮಂಡಿ ಇರಲಿಲ್ಲವೇನೋ.

ಅಮ್ಮ ಕೇಳಿದಳು: “ನನಗೆ ಬಂದಿದ್ದನ್ನೇ ಆ ಬಡಪಾಯಿಗಳಿಗೂ ತರಿಸ್ತೀಯಲ್ಲ, ನಿನ್ನ ಔಷಧಿ ಅಷ್ಟಕ್ಕೂ ಏನು ಮಾಡುತ್ತೆ?”

“ಸೋಂಕು ರಕ್ತಕ್ಕಿಳಿದ್ರೆ ಮೈ ತನ್ನನ್ನೇ ತಾನು ಸುಟ್ಕೊಳ್ಳೋಕೆ ಶುರು ಮಾಡುತ್ತೆ, ಅಮ್ಮ. ಬೆಂಕಿ ಆರಿಸೋಕೆ ಬಂದೋರೇ ಮನೆ ಒಡೆದು ಹಾಕಿದ ಹಾಗೆ. ಈ ಔಷಧಿ ಅವರಿಗೆ ಹೇಳುತ್ತೆ: ಕೆಲಸ ಮುಗೀತು, ಕಸ ಗುಡಿಸಿ, ಮನೆಗೆ ಹೊರಡಿ ಅಂತ.”

“ನಿಮ್ಮಪ್ಪನ ಕಡೆ ನೆಂಟರು ಬಂದಾಗ ಇದು ಇರಬೇಕಿತ್ತು” ಎಂದಳು.

ಮಾರ್ಚ್ ೬, ಗುರುವಾರ

ಅಂಕ ಹಾಕುವ ಕಾರ್ಡು ಈಗ ಬಾಯಿಪಾಠ. ಕೂದಲು ನಯವಾಗಿದೆಯೋ ಕೆದರಿದೆಯೋ. ಕಣ್ಣು ಪೂರ್ತಿ ತೆರೆದಿದೆಯೋ ಅರ್ಧವೋ. ತಾನಾಗಿ ಓಡಾಡುತ್ತದೋ. ಕರೆದರೆ ತಿರುಗುತ್ತದೋ. ಉಸಿರು ಹೇಗಿದೆ. ಸ್ಥಿತಿ ಕೆಟ್ಟಷ್ಟೂ ಅಂಕ ಹೆಚ್ಚು. ಒಟ್ಟು ಅಂಕ ಮಿತಿ ದಾಟಿದರೆ ಅದು ತಾನಾಗಿ ಸಾಯಲೆಂದು ಕಾಯುವುದಿಲ್ಲ, ಅದು ಕ್ರೌರ್ಯ. ನಾವೇ ನೋವಿಲ್ಲದೆ ಮುಗಿಸಿ ‘ಸತ್ತಿತು’ ಎಂದು ಬರೆಯುತ್ತೇವೆ. ಅಂದರೆ ನಮ್ಮ ಗ್ರಾಫಿನಲ್ಲಿ ಸಾವೆಂದರೆ ನನ್ನ ಕಣ್ಣಿನ ತೀರ್ಪು.

ಬೆಳಿಗ್ಗೆ ಮೇಲಿನ ಸಾಲಿನಲ್ಲಿ ಒಂದು ಮಿತಿ ದಾಟಿತ್ತು. ಮುಗಿಸಿದೆವು. ಕೆಳಗಿನ ಸಾಲಿನಲ್ಲೂ ಹೆಚ್ಚು ಕಡಿಮೆ ಅಂಥದೇ ಒಂದು ಮುದುರಿ ಕೂತಿತ್ತು. ಆದರೆ ನಾನು ಬಗ್ಗಿದಾಗ ಮೂತಿ ಸ್ವಲ್ಪ ಈಚೆ ತಿರುಗಿಸಿತು. ಇನ್ನೊಂದು ಗಂಟೆ ನೋಡೋಣ ಅನಿಸಿತು. ನೋಡಿದೆ. ಒಂದು ಗಂಟೆಯಾದ ಮೇಲೆ ನಿಜಕ್ಕೂ ಎದ್ದು ನೀರಿನ ಕೊಳವೆಯ ಕಡೆ ಹೋಗುತ್ತಿತ್ತು. ಆತುರಪಟ್ಟಿದ್ದರೆ ಬದುಕುವ ಇಲಿಯನ್ನೇ ಕೊಂದಿರುತ್ತಿದ್ದೆ.

ಪಶುವೈದ್ಯೆ ಬಾಗಿಲಲ್ಲಿ ನಿಂತಿದ್ದಳು. “ಕಾರ್ಡಲ್ಲಿ ‘ಇನ್ನೊಂದು ಗಂಟೆ’ ಅನ್ನೋ ಕಾಲಂ ಎಲ್ಲಿದೆ, ಹೇಳಿ ನೋಡೋಣ?”

“ಅನುಭವ ಅನ್ನೋ ಕಾಲಮ್ಮೂ ಇಲ್ಲ” ಎಂದೆ. ಮೂಗು ಮುರಿದು ಹೋದಳು. ಇಡೀ ಕಟ್ಟಡದಲ್ಲಿ ನಗದೆ ಇರಲು ಸಂಬಳ ಪಡೆಯುವವಳು ಇವಳೊಬ್ಬಳೇ ಇರಬೇಕು.

ಇವತ್ತು ಅಮ್ಮ ಸುದ್ದಿವಾಚಕನನ್ನು ಅವನ ಪಾಡಿಗೆ ಬಿಟ್ಟಿದ್ದಳು. ಮನೆ ಎಷ್ಟು ದಿನದ ಮೇಲೆ ಇಷ್ಟು ಶಾಂತವಾಗಿದೆ. ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಸಿದೆ.

ಮಾರ್ಚ್ ೯, ಭಾನುವಾರ

ಅಕ್ಕನ ಫೋನು. ಬೇರೆ ಊರಲ್ಲಿ ಕೂತು ವಾರಕ್ಕೊಮ್ಮೆ ಕಾಳಜಿ ರವಾನಿಸುತ್ತಾಳೆ. ಅಮ್ಮ ಕ್ಯಾಮೆರಾದಲ್ಲಿ ಬರುವುದಿಲ್ಲ (“ಅದರಲ್ಲಿ ನನ್ನ ಮೂಗಿನ ಹೊಳ್ಳೆ ಬಿಟ್ರೆ ಬೇರೆ ಏನೂ ಕಾಣಲ್ಲ”), ಹಾಗಾಗಿ ಬರೀ ಮಾತು.

ಅಮ್ಮ ಫೋನು ನನಗೆ ಕೊಟ್ಟ ಮೇಲೆ ಅಕ್ಕ ಹೇಳಿದಳು: “ಅವಳ ದನಿ ಯಾಕೋ ಬಾವಿಯೊಳಗಿಂದ ಬಂದ ಹಾಗಿದೆಯಲ್ಲೇ.”

“ನಿನ್ನ ಫೋನ್ ಹಳೇದು.”

“ಫೋನ್ ಹಳೇದಾದ್ರೆ ನಿನ್ನ ದನೀನೂ ಬಾವಿಯಿಂದ ಬರಬೇಕಿತ್ತು. ನಿಂದು ಚೆನ್ನಾಗಿ ಕಿರುಚಿದ ಹಾಗೇ ಬರ್ತಿದೆ. ಡಾಕ್ಟರಿಗೆ ತೋರಿಸು.”

“ದಿನಾ ನೋಡ್ತಿರೋಳು ನಾನು. ಜ್ವರ ಇಲ್ಲ. ಮೂರು ಹೊತ್ತೂ ಅಳೀತೀನಿ.”

“ಸರಿ ಕಣಮ್ಮ, ವಿಜ್ಞಾನಿ” ಎಂದು ಇಟ್ಟಳು.

ಹೋದ ಸಲ ತೀವ್ರ ನಿಗಾ ಘಟಕದ ಹೊರಗೆ ಆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದವಳು ನಾನು. ಬಾವಿಯ ಮಾತು ಹೇಳಲು ಇವಳು.

ಮಾರ್ಚ್ ೧೧, ಮಂಗಳವಾರ

ಎರಡನೇ ತಂಡ. ಸೊಂಟ ಮುರಿದಿದೆ. ಕೆಳಗಿನ ಸಾಲು ಚೆನ್ನಾಗಿದೆ. ಅಮ್ಮ ತಲೆ ಬಾಚಲು ಬಿಡಲಿಲ್ಲ, ಬಾಚಣಿಗೆ ಚುಚ್ಚುತ್ತದಂತೆ. ಸರಿ, ಬೇಡ. ಎಲ್ಲದಕ್ಕೂ ನಾನೇ ಜಗಳ ತೆಗೆಯಬೇಕೆ?

ಮಾರ್ಚ್ ೧೩, ಗುರುವಾರ

ತಲೆ ಕೆಟ್ಟುಹೋಗಿದೆ. ಎರಡನೇ ತಂಡವೂ ಮೊದಲಿನಂತೆಯೇ ಸಾಗುತ್ತಿದೆ ಎಂದು ಗ್ರಾಫ್‌ಗೆ ಹೇಳಿ ಬಂದು ಖುಷಿಯಲ್ಲಿದ್ದೆ. ಪಶುವೈದ್ಯೆ ತನ್ನ ಕೋಣೆಗೆ ಕರೆದಳು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ. ನೀವು ಕೆಳಗಿನ ಸಾಲಿನ ಮುಂದೆ ಜಾಸ್ತಿ ಹೊತ್ತು ಕೂರ್ತೀರಿ. ಯಾಕೆ?”

“ಒಂದ್ಸಲ ಬಗ್ಗಿದ ಮೇಲೆ ಏಳೋಕೆ ಹೊತ್ತಾಗುತ್ತೆ. ನಿಮಗೂ ನಲವತ್ತೈದಾಗಲಿ, ಗೊತ್ತಾಗುತ್ತೆ.”

“ನಂಗೆ ನಲವತ್ತೊಂಬತ್ತು” ಎಂದಳು. “ಸೊಂಟದ ವಿಷಯ ಆದ್ರೆ ಬೇಗ ಏಳ್ತಿದ್ರಿ. ಮೂರನೇ ತಂಡಕ್ಕೆ ಇನ್ನೊಬ್ರೂ ಅಂಕ ಹಾಕ್ಲಿ. ಅವರ ಅಂಕದ ಮೇಲೆ ತೀರ್ಮಾನ ತಗೊಳ್ಳೋಣ, ನೀವೂ ಪಕ್ಕದಲ್ಲಿ ಬರೀತಾ ಹೋಗಿ. ಮೀನಿನ ವಿಭಾಗದ ಲಂಬೂನ ಕೇಳಿದೀನಿ.”

ಲಂಬೂ ಎಂದರೆ ಮೇಲಿನ ಮಹಡಿಯಲ್ಲಿ ಗಾಜಿನ ತೊಟ್ಟಿಗಳ ನಡುವೆ ಬಾಳುವ ಉದ್ದ ಮನುಷ್ಯ. ಹುಟ್ಟಿದಾರಭ್ಯ ಇಲಿ ಮುಟ್ಟಿಲ್ಲ.

“ಅವನಿಗೇನು ಗೊತ್ತು?”

“ಏನೂ ಗೊತ್ತಿಲ್ಲ. ಅದಕ್ಕೇ.”

ಎಂಟು ವರ್ಷಗಳ ನನ್ನ ಕಣ್ಣಿಗೆ ಒಬ್ಬ ಮೀನಿನವನ ಸಾಕ್ಷಿ ಬೇಕಂತೆ. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಅವರು ಮನೆಯಲ್ಲೇ ಕೂತು ಅನುವಾದ ಮಾಡುವವರು. ಬೇರೆಯವರ ವಾಕ್ಯಗಳ ಮಧ್ಯೆ ಇದ್ದು ಇದ್ದು ತಮ್ಮದೊಂದು ವಾಕ್ಯ ಹೇಳಲು ಅವರಿಗೆ ಹೊತ್ತು ಬೇಕು. ಕೊನೆಗೆ, “ಅಮ್ಮ ಮಧ್ಯಾಹ್ನ ಊಟ ಬಿಟ್ರು” ಎಂದರು. ನಾನು ಹೇಳುತ್ತಿದ್ದುದೇನು, ಇವರು ಹೇಳಿದ್ದೇನು!

ಮಾರ್ಚ್ ೧೮, ಮಂಗಳವಾರ

ನಿನ್ನೆ ಮೂರನೇ ತಂಡದ ಶಸ್ತ್ರಚಿಕಿತ್ಸೆ ಮುಗಿಸಿದೆ. ಲಂಬೂ ಅಂಕ ಹಾಕುವುದನ್ನು ನೋಡುವುದೇ ಒಂದು ಹಿಂಸೆ. ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ. ಪೆಟ್ಟಿಗೆ ಎತ್ತುತ್ತಾನೆ, ಕಾರ್ಡು ನೋಡುತ್ತಾನೆ, ಇಲಿ ನೋಡುತ್ತಾನೆ, ಬರೆಯುತ್ತಾನೆ, ಮುಂದಕ್ಕೆ. ಕೆಳಗಿನ ಸಾಲಿನ ಒಂದಕ್ಕೆ ಅವನು ಮಿತಿ ದಾಟಿದ ಅಂಕ ಕೊಟ್ಟ.

“ಸ್ವಲ್ಪ ತಡೀರಿ” ಎಂದೆ. “ಅದು ಈಗಷ್ಟೇ ಎದ್ದಿದೆ, ಅದಕ್ಕೇ ಕಣ್ಣು ಅರ್ಧ ಇದೆ.”

“ಕಾರ್ಡಲ್ಲಿ ‘ಯಾಕೆ’ ಅಂತ ಕೇಳಿಲ್ಲ ಮೇಡಮ್. ‘ಎಷ್ಟು’ ಅಂತ ಮಾತ್ರ ಕೇಳಿದೆ.”

ಇಲಿಯನ್ನು ತೆಗೆದುಕೊಂಡು ಹೋದರು. ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಇಂಥ ಅವಿವೇಕಕ್ಕೆ ವಸ್ತುನಿಷ್ಠತೆ ಎಂದು ಹೆಸರು.

ಅಮ್ಮ ಇಡೀ ದಿನ ಮಲಗಿದ್ದಳಂತೆ. ಒಳ್ಳೆಯದೇ, ವಿಶ್ರಾಂತಿಯೇ ಔಷಧ. ನಾನು ಕರೆದಾಗ ಕಣ್ಣು ಬಿಟ್ಟಳು. ಉಸಿರು ಸ್ವಲ್ಪ ಬಿರುಸು ಅನಿಸಿತು. ಆಗಷ್ಟೇ ಬಚ್ಚಲಿಗೆ ಹೋಗಿ ಬಂದಿದ್ದಳು. ಜ್ವರ ಇಲ್ಲ. ನಿನ್ನೆಗಿಂತ ವಾಸಿ ಅನಿಸುತ್ತದೆ.

ಮಾರ್ಚ್ ೨೧, ಶುಕ್ರವಾರ

ಮನೆಗೆ ಹೊರಡಲು ಮನಸ್ಸಾಗದೆ ಪ್ರಯೋಗಾಲಯದ ಮೇಜಿನಲ್ಲೇ ಬರೆಯುತ್ತಿದ್ದೇನೆ.

ಪಶುವೈದ್ಯೆ ಗುಟ್ಟಿನ ಸಂಖ್ಯೆಗಳನ್ನು ಬಿಚ್ಚಿದಳು. ಒಂದು ಕಡೆ ಲಂಬೂನ ಅಂಕ, ಇನ್ನೊಂದು ಕಡೆ ನನ್ನವು. ನನ್ನ ಅಂಕಗಳಲ್ಲಿ ಕೆಳಗಿನ ಸಾಲು ಎಂದಿನಂತೆ ಚೆನ್ನಾಗಿತ್ತು. ಮೇಲಿನ ಸಾಲು ಎಂದಿನಂತೆ ಕೆಟ್ಟದಾಗಿತ್ತು. ಎಷ್ಟು ಅಂದವಾಗಿ ಬೇರ್ಪಟ್ಟಿದ್ದವೆಂದರೆ ಗ್ರಾಫ್ ನೋಡಿದ್ದರೆ ಚೌಕಟ್ಟು ಹಾಕಿಸುತ್ತಿದ್ದರು.

“ಈ ಸಲ ತಟ್ಟೆ ಅದಲು ಬದಲು ಮಾಡಿದ್ದೆ” ಎಂದಳು. “ಔಷಧಿ ಮೇಲಿನ ಸಾಲಿಗೆ ಹೋಗಿದೆ. ಕೆಳಗಿನದೆಲ್ಲ ಉಪ್ಪುನೀರು.”

ಸ್ವಲ್ಪ ಹೊತ್ತು ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಔಷಧ ಕೆಡಬಾರದೆಂದು ಅವಳು ಅದನ್ನು ಯಾವಾಗಲೂ ಕೊನೆಗೆ ತುಂಬುತ್ತಿದ್ದಳು. ಕೊನೆಗೆ ತುಂಬಿದ್ದು ಕೊನೆಗೆ ಚುಚ್ಚಿಸಿಕೊಂಡವಕ್ಕೆ. ಅವು ಹೋಗಿದ್ದು ಕೆಳಗಿನ ಸಾಲಿಗೆ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ತಲೆಗೆ ಗೊತ್ತಿರಲಿಲ್ಲ, ಮಂಡಿಗೆ ಗೊತ್ತಿತ್ತು. ಮಂಡಿಯೂರಿದಾಗಲೆಲ್ಲ ನಾನು ಬದುಕಬೇಕಾದ ಇಲಿಯನ್ನು ನೋಡುತ್ತಿದ್ದೆ. ಈ ಸಲ ಆ ‘ಇನ್ನೊಂದು ಗಂಟೆ’ಗಳನ್ನೆಲ್ಲ ಬರೀ ಉಪ್ಪುನೀರಿಗೆ ಕೊಟ್ಟಿದ್ದೇನೆ.

“ಲಂಬೂನ ಅಂಕ ಏನು ಹೇಳುತ್ತೆ?”

“ಔಷಧಿ ಕೊಟ್ಟವು ಕೂದಲೆಳೆಯಷ್ಟು ವಾಸಿ. ಅಷ್ಟು ಇದ್ರೂ ಇರಬಹುದು, ಇಲ್ದೇನೂ ಇರಬಹುದು.” ಎದುರಿನ ಕುರ್ಚಿ ಎಳೆದು ಕೂತಳು. “ತಟ್ಟೆ ಹಾಗೆ ತರ್ತಿದ್ದೋಳು ನಾನೇ. ನಂಗೂ ಹೊಳೀಲಿಲ್ಲ. ನೀವು ಸುಳ್ಳು ಬರೆದಿಲ್ಲ.”

ಸುಳ್ಳು ಬರೆದಿದ್ದರೆ ಎಲ್ಲಿ ಬರೆದೆ ಎಂದಾದರೂ ಗೊತ್ತಿರುತ್ತಿತ್ತು. ಒಂದೊಂದು ಅಂಕ ಹಾಕುವಾಗಲೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು. ಈಗಷ್ಟೇ ಎದ್ದಿದೆ. ಈಗಷ್ಟೇ ತಿರುಗಿತು. ಈಗಷ್ಟೇ ಬಚ್ಚಲಿಗೆ

ಮಾರ್ಚ್ ೨೩, ಭಾನುವಾರ

ಆಸ್ಪತ್ರೆಯ ಮೊಗಸಾಲೆ. ಅದೇ ಕಬ್ಬಿಣದ ಕುರ್ಚಿ.

ಶುಕ್ರವಾರ ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೋಟಿನ ಜೇಬಿನಲ್ಲಿ ಕಾರ್ಡಿತ್ತು. ಮಂಚದ ಪಕ್ಕ ಕೂತು ಅಂಕ ಹಾಕಲು ನೋಡಿದೆ. ಕೂದಲು ಗಂಟುಗಟ್ಟಿದೆ, ಆದರೆ ಬಾಚಲು ಅವಳೇ ಬಿಡುತ್ತಿಲ್ಲ. ಕಣ್ಣು ಅರ್ಧ ಮುಚ್ಚಿದೆ, ಆದರೆ ದೀಪ ಚುಚ್ಚುತ್ತಿರಬೇಕು. ಎರಡನೇ ಸಲ ಕರೆದಾಗ ತಿರುಗಿದಳು, ಆದರೆ ಕಿವಿ ಮೊದಲೇ ಮಂದ. ಉಸಿರು ಬಿರುಸು, ಆದರೆ.

ಪೆನ್ನು ಕೆಳಗಿಟ್ಟೆ. ಗಂಡನನ್ನು ಕೇಳಿದರೆ, “ನೀನೇ ದಿನಾ ನೋಡ್ತೀಯಲ್ಲ, ನಿನಗೇ ಗೊತ್ತು” ಎಂದರು. ಅವರೂ ದಿನಾ ನೋಡುತ್ತಾರೆ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ‘ಹಲೋ’ ಎನ್ನುವ ಮೊದಲೇ, ಒಂದು ಮಾತೂ ಆಡದೆ, ಫೋನನ್ನು ಅಮ್ಮನ ಮುಖದ ಕಡೆ ತಿರುಗಿಸಿ ಹಿಡಿದೆ.

“ಯಾರೇ ಅದು?” ಎಂದಳು ಅಕ್ಕ. “ಯಾರ ಮನೇಲಿದೀಯ?”

ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ.

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, “ಅಮ್ಮನಾ?” ಎಂದಳು. ಆಮೇಲೆ, “ಫೋನ್ ಇಡು. ಆಂಬುಲೆನ್ಸ್ ಕರಿ. ನನ್ ಜೊತೆ ಮಾತಾಡ್ತಾ ನಿಂತ್ಕೋಬೇಡ, ಕರಿ!”

ಕರೆದೆ.

ಮೂತ್ರದ ಸೋಂಕು ಮತ್ತೆ ರಕ್ತಕ್ಕಿಳಿಯುತ್ತಿದೆ. ಈ ವಯಸ್ಸಿನಲ್ಲಿ ಎಷ್ಟೋ ಸಲ ಜ್ವರ ಬರುವುದೇ ಇಲ್ಲ ಎಂದರು ವೈದ್ಯರು. ಇದನ್ನು ನಾನು ಬೇರೆಯವರಿಗೆ ಪಾಠ ಮಾಡಿದ್ದೇನೆ. ಅವರು ಕೇಳಿದರು, “ಯಾವಾಗಿಂದ ಹೀಗಿದಾರೆ?”

ಬಾಯಿ ತೆರೆದೆ. ಎಲ್ಲ ದಿನಗಳಿಗೂ ನನ್ನ ಹತ್ತಿರ ಉತ್ತರವಿತ್ತು, ಎಲ್ಲ ಉತ್ತರದಲ್ಲೂ ಅಮ್ಮ ಹಿಂದಿನ ದಿನಕ್ಕಿಂತ ವಾಸಿಯಾಗಿದ್ದಳು. “ನನ್ನ ಮಾತು ನಂಬಬೇಡಿ ಡಾಕ್ಟ್ರೇ” ಎಂದೆ. “ಎರಡು ವಾರ ಅಂತ ಬರ್ಕೊಳ್ಳಿ.” ಬೇಗ ತಂದಿರಿ ಎಂದು ಅವರು ಹೇಳಲಿಲ್ಲ. ತಡವಾಯಿತು ಎಂದೂ ಹೇಳಲಿಲ್ಲ.

ನಮ್ಮ ಔಷಧ ಈ ಬಾಗಿಲವರೆಗೆ ಬರಲು ಎಷ್ಟು ವರ್ಷ ಬೇಕೋ, ಬರುವಂಥದ್ದೋ ಅಲ್ಲವೋ. ಒಳಗೆ ಏರುತ್ತಿರುವುದು ಹಳೆಯ ಆಂಟಿಬಯೋಟಿಕ್ಕು.

ನಿನ್ನೆ ಅಕ್ಕ ಬಂದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತಳು. “ನಾನೂ ದಿನಾ ನೋಡ್ತಿದ್ದಿದ್ರೆ ನಂಗೂ ಕಾಣ್ತಿರ್ಲಿಲ್ಲ” ಎಂದಳು. ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, “ಅದಕ್ಕೇ ನಾನು ಬರ್ತಿರ್ಲಿಲ್ಲ ಅಂದ್ಕೋ.”

ನಗು ಬಂತು, ಅದರ ಹಿಂದೆಯೇ ಅಳುವೂ. ಇಂಥ ಹೊತ್ತಲ್ಲೂ ಮಾತಲ್ಲಿ ತಾನೇ ಗೆಲ್ಲಬೇಕು ಇವಳಿಗೆ.

ಮಾರ್ಚ್ ೨೯, ಶನಿವಾರ

ಪ್ರಬಂಧ ಹಿಂತೆಗೆದುಕೊಂಡೆವು. ಪತ್ರಿಕೆಗೆ ಕಾರಣ ಬರೆದೆ: ಸಾಲುಗಳು, ತಟ್ಟೆಗಳು, ಮಂಡಿ. ಮಂಡಿಯನ್ನು ಗ್ರಾಫ್ ಹೊಡೆದುಹಾಕಿದರು. ಮೂರನೇ ತಂಡದ ಚಿತ್ರ ಹಿಡಿದು, “ಇದು ಗ್ರಾಫಾ ಮೇಡಮ್? ಎರಡು ಗೆರೆ ಒಂದರ ಮೇಲೊಂದು ಮಲಗಿವೆ” ಎಂದರು. “ಮಲಗಿರಲಿ ಸರ್, ಎಬ್ಬಿಸೋದು ಬೇಡ” ಎಂದೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದೊಂದು ಲಾಭ.

ಮುಂದಿನ ತಂಡದಿಂದ ಯಾವ ಇಲಿ ಯಾವ ಸಾಲಿಗೆ ಎಂಬುದಕ್ಕೆ ಚೀಟಿ ಎತ್ತುವುದು. ಅಂಕ ಲಂಬೂನದು. ನಾನು ಬರೀ ಹೊಲಿಯುತ್ತೇನೆ. ಆ ಕೂದಲೆಳೆ ನಿಜವೋ ಅಲ್ಲವೋ ನೋಡಲೇಬೇಕು. ಚೀಟಿ ಮಡಿಸುತ್ತಾ ಪಶುವೈದ್ಯೆ ಅಮ್ಮನನ್ನು ವಿಚಾರಿಸಿದಳು. ಮೊದಲ ಸಲ.

ಸಂಜೆ ಆಸ್ಪತ್ರೆಗೆ ಹೋದೆ. ಅಮ್ಮನನ್ನು ಸಾಮಾನ್ಯ ವಾರ್ಡಿಗೆ ತಂದಿದ್ದಾರೆ. ಮುಖ ತಿಳಿಯಾಗಿದೆ ಅನಿಸಿತು. ಅನಿಸಿದ್ದೇ ತಡ, ಆ ಅನಿಸಿಕೆಯ ಮೇಲೆ ಸಿಟ್ಟು ಬಂತು. ಎರಡು ದಿನ ಊರಿಗೆ ಹೋಗಿದ್ದ ಅಕ್ಕ ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

“ಹೇಗೆ ಕಾಣ್ತಾಳೆ?”

“ನಾನಿನ್ನೂ ಒಳಗೇ ಬಂದಿಲ್ಲ ಮಾರಾಯ್ತಿ. ನೀನು ನೋಡ್ತಾ ಕೂತಿದೀಯಲ್ಲ.”

“ನಾನು ನೋಡಿದ್ದು ಲೆಕ್ಕಕ್ಕಿಲ್ಲ. ನೀನು ಹೇಳು.”

ಅಕ್ಕ ಮಂಚದ ಕಾಲ್ದೆಸೆಯಲ್ಲಿ ನಿಂತು ನೋಡಿದಳು. ನಾನು ಏನೂ ಹೇಳದಿರಲು ಹಲ್ಲು ಕಚ್ಚಿ ಕೂತೆ. ಈಗಷ್ಟೇ ಊಟ ಆಗಿದೆ ಎನ್ನಲಿಲ್ಲ. ಬೆಳಕು ಸರಿಯಿಲ್ಲ ಎನ್ನಲಿಲ್ಲ. ಗೋಡೆಯ ಟಿವಿಯಲ್ಲಿ ಅದೇ ಸುದ್ದಿವಾಚಕ ಒಂದೇ ಉಸಿರಿನಲ್ಲಿ ಓದುತ್ತಿದ್ದ.

“ಇಬ್ರೂ ಹಾಗೆ ನಿಂತು ನೋಡ್ಬೇಡಿ, ನಾನೇನು ಇಲಿಯಲ್ಲ” ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. “ಮೊದ್ಲು ಅವನಿಗೆ ಯಾರಾದ್ರೂ ಉಸಿರು ತಗೊಳ್ಳೋಕೆ ಹೇಳಿ.”

ಅಕ್ಕ ನನ್ನ ಕಡೆ ತಿರುಗಿದಳು.

“ಬರ್ಕೋ” ಎಂದಳು.